ಅಳು ಅಲ್ಲ ಕಣ್ರೀ, ಗುಳಿಗೆ

ಮನುಷ್ಯನ ಮೈಯಲ್ಲಿ ಕಣ್ಣಿನಷ್ಟು ಬಾಯಿಬಡುಕ ಅಂಗ ಇನ್ನೊಂದಿಲ್ಲ. ಮಂಡಿ ನೋಯುತ್ತದೆ, ಪಾಪ, ಯಾರಿಗೂ ಹೇಳುವುದಿಲ್ಲ. ಹೊಟ್ಟೆಯೊಳಗೆ ಏನೇ ರಾದ್ಧಾಂತವಾದರೂ ಆಗೊಮ್ಮೆ ಈಗೊಮ್ಮೆ ಗುಡುಗಿ ಸುಮ್ಮನಾಗುತ್ತದೆ. ಹಲ್ಲು ನೋವಿದ್ದರೆ ಬಾಯಿ ಮುಚ್ಚಿಕೊಂಡರೆ ಆಯಿತು. ಆದರೆ ಕಣ್ಣಿದೆಯಲ್ಲ, ಅದು ಮುಖದ ನಡುಮಧ್ಯೆ ಬಾಗಿಲು ತೆಗೆದುಕೊಂಡು ಕೂತು, ದಾರಿಯಲ್ಲಿ ಹೋಗುವವರನ್ನೆಲ್ಲ ಕರೆದು ಮನೆ ವಿಷಯ ಹೇಳುತ್ತದೆ. ನಿಜವನ್ನೇ ಹೇಳಿದ್ದರೂ ಸಹಿಸಿಕೊಳ್ಳಬಹುದಿತ್ತು. ನನ್ನ ಎರಡು ಕಣ್ಣುಗಳು ಈ ಸಲದ ಚಳಿಗಾಲದಲ್ಲಿ ಇಡೀ ಬಾಳ್ಳುಪೇಟೆಗೆ ಅಪ್ಪಟ ಸುಳ್ಳೊಂದನ್ನು ಹೇಳಿದವು. ಅದನ್ನು ನಾನು ತಿದ್ದಲಿಲ್ಲ. ತಿದ್ದುವಷ್ಟು ಒಳ್ಳೆಯವನಾಗಿದ್ದರೆ ಇದನ್ನು ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ.

ನಾನು ಇಲ್ಲೇ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್. ಆಳುಗಳ ಹಾಜರಿ ಹಾಕುವುದು, ಕುಯ್ದ ಹಣ್ಣು ತೂಗಿಸುವುದು, ಸ್ಟೋರಿನ ಬೀಗದ ಕೈ ಕಾಯುವುದು ನನ್ನ ಕೆಲಸ. ಊರವರು 'ರೈಟ್ರೆ, ರೈಟ್ರೆ' ಎಂದು ಕರೆದೂ ಕರೆದೂ, ಪುಟ್ಟಸ್ವಾಮಿ ಎನ್ನುವ ಹೆಸರು ಈಗ ಆಧಾರ್ ಕಾರ್ಡಿಗೆ ಮತ್ತು ನಮ್ಮಕ್ಕನಿಗೆ ಮಾತ್ರ ಗೊತ್ತು. ಮದುವೆಯಾಗಿಲ್ಲ. ಯಾಕೆ ಅಂತ ಕೇಳಬೇಡಿ. ಮೊದಲು ಅಕ್ಕನ ಮದುವೆಯಾಗಲಿ ಅಂದೆ, ಆಮೇಲೆ ಅಪ್ಪನ ಕಾಯಿಲೆ ವಾಸಿಯಾಗಲಿ ಅಂದೆ, ಅದೂ ಮುಗಿದ ಮೇಲೆ ಕಾಫಿ ಕುಯ್ಲು ಮುಗಿಯಲಿ ಅಂದೆ. ಕುಯ್ಲು ಪ್ರತಿ ವರ್ಷವೂ ಬರುತ್ತದೆ ಎಂದು ನನಗೆ ಹೊಳೆಯುವಷ್ಟರಲ್ಲಿ ಹೆಣ್ಣು ಕೊಡುವವರು ನಮ್ಮ ದಾರಿ ಹಿಡಿಯುವುದನ್ನು ಬಿಟ್ಟಿದ್ದರು. ಹೆದ್ದಾರಿಯ ಹಿಂದೆ ಎರಡು ಕೋಣೆಯ ಬಾಡಿಗೆ ಮನೆ ಮಾಡಿಕೊಂಡಿದ್ದೇನೆ. ಮಂಗಳೂರು ಕಡೆಯ ಲಾರಿಗಳು ಹೋದಾಗೆಲ್ಲ ಗೂಡಿನಲ್ಲಿಟ್ಟ ಲೋಟ ಗಲಗಲ ಅನ್ನುತ್ತದೆ. ನನ್ನ ಮನೆಯಲ್ಲಿ ನನ್ನನ್ನು ಬಿಟ್ಟರೆ ಮಾತಾಡುವುದು ಆ ಲೋಟ ಒಂದೇ.

ಅಕ್ಕ ಇರುವುದು ಅರಸೀಕೆರೆಯಲ್ಲಿ. ನಮ್ಮಿಬ್ಬರಿಗೂ ಜಗಳವೇನಿಲ್ಲ. ಜಗಳವಾದರೂ ಆಗಿದ್ದರೆ ರಾಜಿ ಮಾಡಿಸುವ ನೆಪದಲ್ಲಿ ಯಾರಾದರೂ ಸೇರಿಸುತ್ತಿದ್ದರೇನೋ. ಗೌರಿ ಹಬ್ಬಕ್ಕೆ ತವರಿನಿಂದ ಕರೆಯಬೇಕಾದವನು ನಾನು. ಹೆಂಗಸರಿಲ್ಲದ ಬಾಡಿಗೆ ಮನೆಗೆ ಏನಂತ ಕರೆಯುವುದು ಎಂದು ನಾಚಿಕೊಂಡು ಒಂದು ವರ್ಷ ಸುಮ್ಮನಾದೆ. ಕರೆಯದೆ ಹೇಗೆ ಹೋಗುವುದು ಎಂದು ಅವಳು ಸುಮ್ಮನಾದಳು. ಹಾಗೆ ಸುಮ್ಮನಾದದ್ದು ಅಭ್ಯಾಸವಾಗಿ, ಫೋನಿನಲ್ಲಿ ಅವಳ ಹೆಸರು ಕೆಳಗೆ ಕೆಳಗೆ ಇಳಿಯುತ್ತಾ ಹೋಯಿತು.

ಇನ್ನೊಂದು ವಿಷಯ ಮೊದಲೇ ಹೇಳಿಬಿಡಬೇಕು. ನಮ್ಮ ಕಡೆ ಸಾವಾದ ಮನೆಗೆ ಹೋಗಿ ಮಾತಾಡಿಸಿಕೊಂಡು ಬರುವ ಪದ್ಧತಿ ಇದೆ. ಮಾತಾಡಿಸುವುದು ಅಂದರೆ ಹೆಚ್ಚುಕಮ್ಮಿ ಮಾತಾಡದೆ ಕೂರುವುದು. ಹೋದವರು ಗೋಡೆಗೊರಗಿ ಕೂತು, ನೆಲ ನೋಡಿ, 'ಏನ್ ಮಾಡಾಕಾಯ್ತದೆ' ಎಂದು ಉಸಿರು ಬಿಟ್ಟು, ಕಾಫಿ ಕೊಟ್ಟರೆ ಬೇಡ ಅಂದು, ಏಳುವಾಗ 'ಬರ್ತೀನಿ' ಅನ್ನದೆ ಎದ್ದು ಹೋಗಬೇಕು. ಸಾವಿನ ಮನೆಗೆ ಇನ್ನೊಮ್ಮೆ ಬರ್ತೀನಿ ಅನ್ನಬಾರದಲ್ಲ, ಅದಕ್ಕೆ. ನಾನು ಎಷ್ಟೋ ಮನೆಗಳಲ್ಲಿ ಹಾಗೆ ಕೂತು ಎದ್ದು ಬಂದಿದ್ದೇನೆ. ಒಂದು ಸಲ ಹಾಗೆ ಬರುವಾಗ ಯೋಚನೆ ಬಂತು: ನನ್ನ ಮನೆಗೂ ಜನ ಹೀಗೆ ಬಂದು ಕೂರಬೇಕಾದರೆ ನನ್ನ ಮನೆಯಲ್ಲಿ ಯಾರಾದರೂ ಸಾಯಬೇಕು, ಇರುವವನು ನಾನೊಬ್ಬ, ನಾನೇ ಸತ್ತರೆ ಬಂದವರಿಗೆ ಚಾಪೆ ಹಾಸುವವರು ಯಾರು? ಅಂತೂ ಜನ ತುಂಬಿದ ಮನೆ ನೋಡುವ ಯೋಗ ಈ ಜನ್ಮಕ್ಕಿಲ್ಲ ಎಂದುಕೊಂಡು ಮನೆಗೆ ಬಂದು ಅನ್ನಕ್ಕಿಟ್ಟಿದ್ದೆ.

ಈಗ ಕತೆಗೆ ಬರೋಣ. ಒಂದು ದಿನ ಸಕಲೇಶಪುರದಿಂದ ಬಸ್ಸಿನಲ್ಲಿ ನಿಂತುಕೊಂಡು ಬರುತ್ತಿದ್ದೆ. ಕಾಲೇಜು ಹುಡುಗಿಯೊಬ್ಬಳು ತಟ್ಟನೆ ಎದ್ದು, 'ತಾತ, ಕೂತ್ಕೊಳ್ಳಿ' ಅಂದಳು. ಒಳ್ಳೆಯ ಹುಡುಗಿ. ಅವಳ ಮನೆ ತಣ್ಣಗಿರಲಿ. ನಾನು ಕೂತೆ, ಆದರೆ ಬಾಳ್ಳುಪೇಟೆ ಬರುವವರೆಗೂ ನನ್ನೊಳಗೆ ಆ 'ತಾತ' ನಿಂತುಕೊಂಡೇ ಇದ್ದ. ಅಪ್ಪ ಆಗದವನು, ಗಂಡ ಆಗದವನು, ಏಕ್‌ದಂ ತಾತ ಆಗುವುದೆಂದರೆ ಅದೇನು ಬಡ್ತಿಯೇ? ಇಳಿದವನೇ ಅಂಗಡಿಗೆ ಹೋಗಿ, ಮೆಲ್ಲಗೆ ಅತ್ತಿತ್ತ ನೋಡಿ, ತಲೆಗೆ ಹಚ್ಚುವ ಕಪ್ಪು ಬಣ್ಣದ ಪೊಟ್ಟಣ ತಗೊಂಡೆ. ಭಾನುವಾರ ಬಾಗಿಲು ಹಾಕಿಕೊಂಡು ತಲೆಗೂ ಮೀಸೆಗೂ ಬಳಿದುಕೊಂಡೆ. ಒಂದು ಗಂಟೆಯ ಮಟ್ಟಿಗೆ ನಾನು ಬಹಳ ಚೆನ್ನಾಗಿದ್ದೆ, ಸುಳ್ಳು ಯಾಕೆ ಹೇಳಲಿ.

ಸಂಜೆಗೆ ಕೆರೆತ ಶುರುವಾಯಿತು. ಬೆಳಿಗ್ಗೆ ಕನ್ನಡಿಯಲ್ಲಿದ್ದವನ ಪರಿಚಯ ನನಗಿರಲಿಲ್ಲ. ಮುಖ ಉಬ್ಬಿ ಕಡುಬಾಗಿತ್ತು, ಕಣ್ಣು ಎರಡು ಗೆರೆಯಾಗಿದ್ದವು, ತುಟಿಯ ಮೇಲೆ ಕಪ್ಪು ಮೀಸೆ ಮಾತ್ರ ಏನೂ ಆಗಿಲ್ಲವೆಂಬಂತೆ ಮಿರಿಮಿರಿ ಮಿಂಚುತ್ತಿತ್ತು. ಈ ಮುಖ ಹೊತ್ತುಕೊಂಡು ಎಸ್ಟೇಟಿಗೆ ಹೋದರೆ ಕಾಫಿ ಕುಯ್ಯುವ ಹೆಂಗಸರು ಒಂದು ವರ್ಷಕ್ಕಾಗುವಷ್ಟು ನಗುತ್ತಾರೆ. ಎಸ್ಟೇಟಿನ ಸಾಹುಕಾರರಿಗೆ ಫೋನ್ ಮಾಡಿ, 'ಅಕ್ಕಂಗೆ ಹುಷಾರಿಲ್ವಂತೆ, ಅರಸೀಕೆರೆಗೆ ಹೊರಟೀನಿ, ಬರೋದು ಒಂದು ವಾರ ಆಗಬಹುದು' ಅಂದೆ. ರಜೆ ಕೇಳಲು ನನಗಿದ್ದ ನೆಂಟಸ್ತಿಕೆ ಅದೊಂದೇ. ಇರುವುದನ್ನು ಬಳಸಿಕೊಂಡೆ.

ಅರಸೀಕೆರೆಗೆ ಹೋಗಬೇಕಾದವನು ಮಫ್ಲರ್ ಸುತ್ತಿಕೊಂಡು ಸಕಲೇಶಪುರಕ್ಕೆ ಹೋದೆ. ಚರ್ಮದ ಡಾಕ್ಟರು ಮಫ್ಲರ್ ಬಿಚ್ಚಿಸಿ ನೋಡಿ, 'ಬಣ್ಣ ಹಾಕಿದ್ರಾ?' ಅಂದರು. 'ಹೂಂ' ಅಂದೆ. 'ಯಾಕೆ, ಹೆಣ್ಣು ನೋಡೋಕೆ ಹೊರಟಿದ್ರಾ?' ಅಂದರು. ಡಾಕ್ಟರಿಗೆ ನಗು ತಡೆಯಲಾಗದ್ದನ್ನು ನಾನು ಆ ಗೆರೆಯಂಥ ಕಣ್ಣಿನಲ್ಲೂ ನೋಡಿದೆ. ಒಂದು ಇಂಜೆಕ್ಷನ್ ಕೊಟ್ಟು, ಕೆರೆತಕ್ಕೆ ಗುಳಿಗೆ ಬರೆದು, 'ಬಣ್ಣ ಹತ್ತಿರೋ ಕೂದಲು ಪೂರ್ತಿ ತೆಗೆಸಿಬಿಡಿ, ಮೀಸೆನೂ. ಹತ್ತು ದಿನ ಗುಳಿಗೆ ತಗೊಳ್ಳಿ, ಸಾಕು' ಎಂದು ಕಳಿಸಿದರು. ಬಾಳ್ಳುಪೇಟೆಯ ಕ್ಷೌರದಂಗಡಿಗೆ ಹೋದರೆ ಬಣ್ಣದ ವಿಷಯ ಊರಿಗೆಲ್ಲ ಹರಡೀತೆಂದು ಅಲ್ಲೇ ಬಸ್‌ಸ್ಟ್ಯಾಂಡಿನ ಹತ್ತಿರ ಬೋಳಿಸಿಕೊಂಡೆ. ಅವನು ಬಹಳ ನಯವಾಗಿ ಕತ್ತಿ ಆಡಿಸುತ್ತಾ, ದನಿ ತಗ್ಗಿಸಿ, 'ಅಪ್ಪಾರೋ, ಅಮ್ಮಾರೋ?' ಅಂದ. 'ಇಬ್ರೂ ಹೋಗಿ ಬಾಳ ಕಾಲ ಆಯ್ತು' ಅಂದೆ. ಅವನ ಕೈ ಒಂದು ಗಳಿಗೆ ನಿಂತು ಮತ್ತೆ ಆಡಿತು. ನನ್ನಲ್ಲಿ ಬುದ್ಧಿ ಅನ್ನುವುದಿದ್ದರೆ ಆಗಲೇ ಹೊಳೆಯಬೇಕಿತ್ತು. ಕೆರೆತದವನಿಗೆ ಬುದ್ಧಿಯೆಲ್ಲ ಉಗುರಿನಲ್ಲಿರುತ್ತದೆ.

ಊರಿಗೆ ಹೋಗಿದ್ದೇನೆ ಎಂದಿದ್ದರಿಂದ ಮುಂಬಾಗಿಲಿಗೆ ಬೀಗ ಹಾಕಿ, ಹಿಂಬಾಗಿಲಿನಿಂದ ಒಳಗೆ ಹೋಗಿ ಕೂತೆ. ದೀಪ ಹಾಕುವಂತಿಲ್ಲ, ಕುಕ್ಕರ್ ಕೂಗಿಸುವಂತಿಲ್ಲ, ಕೆಮ್ಮುವಂತಿಲ್ಲ. ಒಂದು ವಾರ ಅವಲಕ್ಕಿ ನೆನೆಸಿಕೊಂಡು ತಿಂದೆ. ಯಾರಾದರೂ ಬಂದು ಬಾಗಿಲು ತಟ್ಟಿದರೆ ಏನು ಮಾಡುವುದು ಎಂದು ಮೊದಲ ದಿನವೆಲ್ಲ ಕಿವಿ ನಿಮಿರಿಸಿಕೊಂಡು ಕೂತಿದ್ದೆ. ಯಾರೂ ತಟ್ಟಲಿಲ್ಲ. ವಾರದ ಕೊನೆಗೆ ಒಂದು ವಿಷಯ ಗಮನಿಸಿದೆ: ಬೀಗ ಹಾಕಿದ ಮನೆಗೂ ಹಾಕದ ಮನೆಗೂ ನನ್ನ ವಿಷಯದಲ್ಲಿ ಏನೂ ವ್ಯತ್ಯಾಸವೇ ಇಲ್ಲ. ಅದನ್ನು ತಿಳಿದುಕೊಂಡದ್ದು ನನಗೆ ಒಳ್ಳೆಯದಾಗಲಿಲ್ಲ.

ಮುಖದ ಊತ ಇಳಿಯಿತು. ಅದರ ಬದಲಿಗೆ ಕಣ್ಣು ಶುರುವಾಯಿತು. ಮೊದಲು ಮರಳು ಬಿದ್ದ ಹಾಗೆ ಕರಕರ ಅಂದವು, ಆಮೇಲೆ ಸುರಿಯತೊಡಗಿದವು. ಗಾಳಿ ತಾಗಿದರೆ ಸುರಿಯುತ್ತಿದ್ದವು, ಬೆಳಕು ನೋಡಿದರೆ ಸುರಿಯುತ್ತಿದ್ದವು, ಏನೂ ಇಲ್ಲದೆ ಗೋಡೆ ನೋಡುತ್ತಾ ಕೂತರೂ ಸುರಿಯುತ್ತಿದ್ದವು. ಗುಳಿಗೆಯ ಡಬ್ಬಿಯೊಳಗೆ ಮಡಿಸಿ ಮಡಿಸಿ ಇಟ್ಟಿರುತ್ತಾರಲ್ಲ, ಆ ಕಾಗದ ತೆಗೆದೆ. ಬಿಚ್ಚುತ್ತಾ ಹೋದರೆ ಪಂಚೆಯಷ್ಟು ಅಗಲವಾಯಿತು. ಗುಳಿಗೆಯಿಂದ ಏನೇನು ತೊಂದರೆ ಆಗಬಹುದು ಎಂದು ಅದರಲ್ಲಿ ಬರೆದಿರುತ್ತದಂತೆ. ಕಣ್ಣು ಮಂಜಾಗಬಹುದು ಎನ್ನುವುದನ್ನು, ಮಂಜಾಗದ ಕಣ್ಣಿಗೂ ಕಾಣದಷ್ಟು ಸಣ್ಣ ಅಕ್ಷರದಲ್ಲಿ ಅಚ್ಚು ಹಾಕಿಸಿದ ಆ ಪುಣ್ಯಾತ್ಮ ಯಾರೋ, ಅವನನ್ನು ಒಮ್ಮೆ ನೋಡಬೇಕು. ಓದಲಾಗಲಿಲ್ಲ. ಮತ್ತೆ ಮಡಿಸಲೂ ಆಗಲಿಲ್ಲ.

ಹಾಗೆ ಒಂದು ಬೆಳಿಗ್ಗೆ ಬೀಗ ತೆಗೆದು ಹೊರಗೆ ಬಂದೆ. ಊರು ನೋಡಿದ್ದು ಇಷ್ಟು: ಅಕ್ಕನಿಗೆ ಹುಷಾರಿಲ್ಲ ಎಂದು ಹೋದ ರೈಟರ್ ಒಂದು ವಾರ ಬಿಟ್ಟು ಬಂದಿದ್ದಾನೆ. ತಲೆ ಬೋಳು, ಮೀಸೆ ಇಲ್ಲ, ಮುಖ ಬಾಡಿದೆ, ಕಣ್ಣಿನಲ್ಲಿ ಧಾರಾಕಾರ ನೀರು. ಇದಕ್ಕೆ ಇನ್ನೊಂದು ಅರ್ಥ ಹುಡುಕುವುದು ನಮ್ಮ ಸೀಮೆಯವರಿಂದ ಸಾಧ್ಯವಿಲ್ಲ. ನಾನೇ ಆಗಿದ್ದರೂ ಹುಡುಕುತ್ತಿರಲಿಲ್ಲ.

ಮೊದಲು ನೋಡಿದವರು ಖಾದರ್ ಸಾಬರು. ಹೆದ್ದಾರಿಯಲ್ಲಿ ಕಾಫಿ ಕೊಳ್ಳುವ ಅಂಗಡಿಯೂ ಎರಡು ಲಾರಿಯೂ ಇರುವ ಮನುಷ್ಯ. ದಿನಾ ನನ್ನನ್ನು ಕಂಡರೆ 'ಏನ್ ರೈಟ್ರೆ, ರೇಟು ಏರ್ತದಾ, ಇಳೀತದಾ' ಎಂದು ಕೂಗುವವರು, ಅವತ್ತು ತಕ್ಕಡಿ ಬಿಟ್ಟು ಎದ್ದು ನಿಂತರು. ರಸ್ತೆ ದಾಟಿ ಬಂದು, ನನ್ನ ಕೈ ಹಿಡಿದುಕೊಂಡು, ಏನೂ ಹೇಳದೆ ಅದುಮಿ ಬಿಟ್ಟು ಹೋದರು. ಬಣ್ಣ ಹಚ್ಚಿಕೊಂಡ ಸುದ್ದಿ ಹೇಗೋ ಗೊತ್ತಾಗಿ ಮರುಕಪಡುತ್ತಿದ್ದಾರೆ ಎಂದುಕೊಂಡು ನಾನು ತಲೆ ತಗ್ಗಿಸಿದೆ. ತಲೆ ತಗ್ಗಿಸಿದ್ದು ಇನ್ನೂ ಕೆಲಸ ಕೆಡಿಸಿತು.

ಅವತ್ತು ಸಂಜೆಯಿಂದ ಜನ ಬರತೊಡಗಿದರು. ಎಸ್ಟೇಟಿನವರು ಬಂದರು, ಅಂಗಡಿಯವರು ಬಂದರು, ನನ್ನ ಹೆಸರೂ ಗೊತ್ತಿಲ್ಲದವರು ಬಂದರು. ಗೋಡೆಗೊರಗಿ ಕೂತರು, ನೆಲ ನೋಡಿದರು. 'ಧೈರ್ಯ ತಂದ್ಕಳಿ ರೈಟ್ರೆ' ಅಂದರು. ನಾನು ನಾಚಿಕೆಯಿಂದ, 'ಏನೋ ಕೆಟ್ಟ ಗಳಿಗೆ, ಆಗಿದ್ದು ಆಗೋಯ್ತು' ಅಂದೆ. 'ಯಾರ್ ಕೈಯಾಗೈತೆ ಹೇಳಿ' ಅಂದರು. 'ನನ್ ಕೈಯಾಗೇ ಇತ್ತು' ಎಂದು ಬಾಯಿಗೆ ಬಂದಿತ್ತು, ನುಂಗಿಕೊಂಡೆ. ಕಾಫಿ ಮಾಡಿಕೊಟ್ಟರೆ ಒಬ್ಬರೂ ಮುಟ್ಟಲಿಲ್ಲ. ಏಳುವಾಗ ಒಬ್ಬರೂ 'ಬರ್ತೀನಿ' ಅನ್ನಲಿಲ್ಲ. ನನ್ನ ಕಾಫಿ ಅಷ್ಟು ಕೆಟ್ಟದ್ದೇ ಎಂದು ಅವರೆಲ್ಲ ಹೋದ ಮೇಲೆ ಒಂದೊಂದೇ ಲೋಟ ಕುಡಿದು ನೋಡಿದೆ. ಚೆನ್ನಾಗಿಯೇ ಇತ್ತು.

ಗೊತ್ತಾಗಿದ್ದು ಮಾರನೆಯ ದಿನ. ಪಕ್ಕದ ಮನೆಯ ಲಲಿತಮ್ಮ ಕಡುಬು, ಕಾಯಿಚಟ್ನಿ ತಂದಿಟ್ಟು, 'ಒಲೆ ಹಚ್ಬೇಡಿ ಅಣ್ಣ, ಹನ್ನೊಂದು ದಿನ ನಾನೇ ತಂದು ಕೊಡ್ತೀನಿ' ಅಂದರು. ಚಟ್ನಿಯ ಖಾರಕ್ಕೋ ಗುಳಿಗೆಗೋ ನನ್ನ ಕಣ್ಣು ಸುರಿಯಿತು. ಲಲಿತಮ್ಮ ಸೆರಗು ಬಾಯಿಗಿಟ್ಟುಕೊಂಡು, 'ನಿಮ್ಮಕ್ಕ ಗೌರಿ ಹಬ್ಬಕ್ಕಾದ್ರೂ ಬಂದಿದ್ರಾ?' ಅಂದರು. 'ಇಲ್ಲ ಕಣಮ್ಮ, ಬಂದು ಬಾಳ ವರ್ಷ ಆಯ್ತು' ಅಂದೆ. ಅದು ನಿಜವೇ ತಾನೆ. 'ಹೋಗ್ಲಿ ಬಿಡಿ ಅಣ್ಣ, ಕೊನೇಗೆ ಮುಖನಾದ್ರೂ ನೋಡಾಕ್ ಸಿಕ್ತಲ್ಲ' ಎಂದು ಅವರೂ ಅತ್ತರು. ಬಾಯಲ್ಲಿದ್ದ ಕಡುಬು ಹಾಗೇ ನಿಂತಿತು. ಅಯ್ಯೋ ನನ್ನ ಕರ್ಮವೇ! ಗಟ್ಟಿಮುಟ್ಟಾಗಿ ಅರಸೀಕೆರೆಯಲ್ಲಿ ರಾಗಿ ಬೀಸಿಕೊಂಡಿರುವ ನಮ್ಮಕ್ಕನನ್ನು ನಾನು ಬಾಳ್ಳುಪೇಟೆಯಲ್ಲಿ ಮಣ್ಣು ಮಾಡಿಬಿಟ್ಟಿದ್ದೆ.

ತಕ್ಷಣ ಹೇಳಬೇಕಿತ್ತು. 'ಅಲ್ಲ ಕಣಮ್ಮ' ಎಂದು ಬಾಯಿ ತೆಗೆದೆ ಕೂಡ. 'ಮಾತಾಡ್ಬೇಡಿ, ಗಂಟಲು ಕಟ್ತದೆ' ಎಂದು ಲಲಿತಮ್ಮ ನೀರು ಕೊಟ್ಟರು. ನೀರು ಕುಡಿದೆ. ಕಡುಬು ತಿಂದೆ. ಸಂಜೆಗೆ ಮತ್ತೆ ಜನ ಬಂದರು. ಚಾಪೆ ಸಾಲದೆ ಲಲಿತಮ್ಮನ ಮನೆಯಿಂದ ಇನ್ನೊಂದು ತಂದು ಹಾಸಬೇಕಾಯಿತು. ಬಾಗಿಲಲ್ಲಿ ಚಪ್ಪಲಿಗಳು ಎಷ್ಟಿದ್ದವೆಂದರೆ, ನನ್ನದು ಯಾವುದೆಂದು ನಾನೇ ಹುಡುಕಬೇಕಿತ್ತು. ನನ್ನ ಬಾಗಿಲಲ್ಲಿ ನನ್ನ ಚಪ್ಪಲಿಯ ಪಕ್ಕ ಇನ್ನೊಂದು ಜೊತೆ ನೋಡಿ ಎಷ್ಟು ಕಾಲವಾಗಿತ್ತೋ. ಅದನ್ನು ನೋಡುತ್ತಾ ನಿಂತವನಿಗೆ, ನಿಜ ಹೇಳಲು ನಾಳೆ ಬೆಳಿಗ್ಗೆ ಒಳ್ಳೆಯ ಹೊತ್ತು ಅನ್ನಿಸಿತು. ಮಾರನೆಯ ಬೆಳಿಗ್ಗೆಗೂ ಹಾಗೇ ಅನ್ನಿಸಿತು.

ಖಾದರ್ ಸಾಬರು ದಿನಾ ಸಂಜೆ ಅಂಗಡಿ ಮುಚ್ಚಿ ಬರುತ್ತಿದ್ದರು. ಅವರ ಜೊತೆ ಇಷ್ಟು ವರ್ಷ ನಾನು ಕಾಫಿ ರೇಟು ಬಿಟ್ಟು ಬೇರೆ ಮಾತಾಡಿದ್ದಿಲ್ಲ. ಒಂದು ದಿನ ಅವರೇ ಹೇಳಿದರು. 'ನಮ್ಮಣ್ಣ ಹೋದಾಗ ನಂಗೆ ಅಳಾಕೇ ಬರ್ಲಿಲ್ಲ ರೈಟ್ರೆ. ಲೋಡ್ ಹೋಗ್ಬೇಕು, ಡ್ರೈವರ್‌ಗೆ ಹೇಳ್ಬೇಕು, ಅದು ಇದು ಅಂತ ಓಡಾಡ್ಬುಟ್ಟೆ. ಈಗಲೂ ಇಲ್ಲಿ ಏನೋ ಸಿಕ್ಕಾಕ್ಕೊಂಡಂಗೈತೆ. ನಿಮ್ ತರ ಅತ್ಬುಟ್ಟಿದ್ರೆ ಹಗುರ ಆಗೋದು.' ಎಂದು ಎದೆ ತೋರಿಸಿಕೊಂಡರು. ನಾನು ಅವರನ್ನು ನೋಡಿದೆ. ನನ್ನ ಎರಡೂ ಕಣ್ಣು ಭರ್ತಿ ಸುರಿಯುತ್ತಿದ್ದವು. ನನ್ನ ಜೀವಮಾನದಲ್ಲಿ ಅಷ್ಟು ನಾಚಿಕೆ ನನಗೆ ಯಾವತ್ತೂ ಆಗಿಲ್ಲ. ಬಣ್ಣ ಹಚ್ಚಿದ್ದಕ್ಕೂ ಆಗಿರಲಿಲ್ಲ.

ಇಷ್ಟಾದರೂ ಒಂದು ಕೆಲಸ ಮಾಡಿದೆ, ಅದನ್ನು ನಿಮಗೆ ಮಾತ್ರ ಹೇಳುತ್ತೇನೆ. ಡಾಕ್ಟರು ಹೇಳಿದ ಹತ್ತು ದಿನ ಮುಗಿದಿತ್ತು, ಕೆರೆತ ನಿಂತಿತ್ತು, ಗುಳಿಗೆ ಖಾಲಿಯಾಗಿತ್ತು. ನಾನು ಸಕಲೇಶಪುರಕ್ಕೆ ಹೋಗಿ, ಮೆಡಿಕಲ್ ಶಾಪಿನಲ್ಲಿ ಹಳೇ ಚೀಟಿ ತೋರಿಸಿ, ಅದೇ ಗುಳಿಗೆಯನ್ನು ಇನ್ನೊಂದಿಷ್ಟು ತಗೊಂಡು ಬಂದೆ. 'ಕೆರೆತ ಮತ್ತೆ ಬಂದರೆ ಇರಲಿ ಅಂತ' ಎಂದು ನನಗೆ ನಾನೇ ಹೇಳಿಕೊಂಡೆ. ಬರಲಿ ಎಂದು ಕಾಯದೆ ಬಸ್ಸಿನಲ್ಲೇ ಒಂದು ನುಂಗಿದೆ.

ಗುಟ್ಟು ಒಡೆದದ್ದು ಖಾದರ್ ಸಾಬರ ಒಳ್ಳೆಯತನದಿಂದ. ತೆಂಗಿನಕಾಯಿ ತರಲು ಅವರ ಲಾರಿ ಅರಸೀಕೆರೆಗೆ ಹೋಗುವುದಿತ್ತು. ತಿಥಿಗೆ ಬೇಕಾಗ್ತದೆ ಎಂದು ನನಗೂ ಹೇಳದೆ ಬಾಳೆಲೆ, ಬಾಳೆಕಾಯಿ ಹೇರಿಸಿ, ನಮ್ಮಕ್ಕನ ಮನೆ ವಿಚಾರಿಸಿ ಇಳಿಸಿ ಬಾ ಎಂದು ಡ್ರೈವರನ್ನು ಕಳಿಸಿದರು. ಮಧ್ಯಾಹ್ನ ಸ್ಟೋರಿನಲ್ಲಿದ್ದೆ, ಫೋನ್ ಬಂತು. ಬಹಳ ಕಾಲದಿಂದ ಬಾರದ ಹೆಸರು.

'ಲೋ ಪುಟ್ಟ,' ಅಂತು ಸತ್ತವಳ ದನಿ, 'ಇಲ್ಲೊಬ್ಬ ಬಾಳೆಲೆ ಹೊತ್ಕೊಂಡು ಬಂದು ಬಾಗ್ಲಲ್ಲಿ ನಿಂತವ್ನೆ. ಸಮಾಧಾನ ಮಾಡ್ಕಳಿ ಅಮ್ಮ ಅಂತಾನೆ. ಯಾರು ಹೋದ್ರಪ್ಪ ಅಂದ್ರೆ ಜಯಮ್ಮಾರು ಅಂತಾನೆ. ನಾನೇ ಕಣಪ್ಪಾ ಜಯಮ್ಮ ಅಂದ್ರೆ ಬಾಳೆಕಾಯಿ ಬಿಟ್ಟು ಓಡೋಗ್ಬುಟ್ಟ. ನಾನ್ ಯಾವಾಗ್ಲೋ ಸತ್ತಿದ್ದು? ನಂಗೂ ಒಂದ್ ಮಾತು ಹೇಳ್ಬಾರ್ದಿತ್ತಾ?'

'ಅಲ್ಲೇ ಇರು, ಬಂದೆ' ಎಂದು ಇಟ್ಟಳು. ಮಾರನೆಯ ದಿನ ಹಾಸನದ ಬಸ್ಸಿಳಿದು, ಕೈಯಲ್ಲಿ ಚೀಲ ಹಿಡಿದು, ಬಾಳ್ಳುಪೇಟೆಯ ರಸ್ತೆಯಲ್ಲಿ ನನ್ನ ಮನೆ ಕೇಳಿಕೊಂಡು ಬಂದಳು. 'ನೀವ್ಯಾರಮ್ಮ?' ಎಂದು ಕೇಳಿದವರಿಗೆಲ್ಲ, 'ರೈಟ್ರು ಅಕ್ಕ. ಸತ್ತೋಳು' ಎಂದು ಹೇಳಿಕೊಂಡೇ ಬಂದಳಂತೆ. ಲಲಿತಮ್ಮ ಕಡುಬಿನ ಪಾತ್ರೆ ಹಿಡಿದು ನನ್ನ ಬಾಗಿಲಲ್ಲೇ ನಿಂತಿದ್ದರು. ಪಾತ್ರೆ ಕೆಳಗೆ ಬಿತ್ತು. ಅಕ್ಕ ಉರುಳಿದ ಕಡುಬೆತ್ತಿ ಪಾತ್ರೆಗೆ ಹಾಕಿ, 'ಭಯ ಬೀಳ್ಬೇಡ ಕಣಮ್ಮ, ಬಾ, ಕಾಫಿ ಕುಡಿವಂತೆ' ಎಂದು ಒಳಗೆ ಕರೆದಳು. ಅವತ್ತು ಬಂದವರನ್ನೆಲ್ಲ ಕೂರಿಸಿ, ಕೈಗೆ ಲೋಟ ಕೊಟ್ಟು, ಎದುರಿಗೆ ನಿಂತು ಕುಡಿಸಿದಳು. ತನ್ನ ಸಾವಿನ ಮನೆಯಲ್ಲಿ ತಾನೇ ಕಾಫಿ ಹಂಚಿದವಳು ಈ ಸೀಮೆಯಲ್ಲಿ ನಮ್ಮಕ್ಕ ಒಬ್ಬಳೇ ಇರಬೇಕು.

ಎಲ್ಲರೂ ಹೋದ ಮೇಲೆ ಬಣ್ಣದ ವಿಷಯ ಹೇಳಿದೆ. ಬಸ್ಸಿನ ಹುಡುಗಿಯಿಂದ ಶುರುಮಾಡಿ ಬೋಳು ತಲೆಯವರೆಗೂ ಹೇಳಿದೆ. ಅಕ್ಕ ನಕ್ಕಳು, ಗೋಡೆ ಹಿಡಿದುಕೊಂಡು ನಕ್ಕಳು, ಅವಳ ಕಣ್ಣಲ್ಲೂ ನೀರು ಬಂತು. ಆಮೇಲೆ ಸೆರಗಿನಲ್ಲಿ ಒರೆಸಿಕೊಂಡು ನನ್ನ ಮುಖ ನೋಡಿ, 'ಒಂದು ವಾರದಿಂದ ಎಡೆಬಿಡದೆ ಅತ್ತೆಯಂತಲ್ಲೋ. ಆ ಲಲಿತಮ್ಮ ಹೇಳಿದ್ಳು. ಕೇಳಿ ನಂಗೆ ಒಳಗೊಳಗೇ ಖುಷಿ ಆಯ್ತು. ನಿಜ ಹೇಳು, ಒಂದು ಹನಿನಾದ್ರೂ ನಂದಿತ್ತೇನೋ?' ಅಂದಳು.

'ಅಳು ಅಲ್ಲ ಕಣಕ್ಕ, ಎಲ್ಲಾ ಗುಳಿಗೇದು' ಅಂದೆ. ಅಷ್ಟು ಸುಳ್ಳು ಹೇಳಿದವನಿಗೆ ಆ ಒಂದು ಕಡೆ ಮಾತ್ರ ನಿಜ ಹೇಳುವ ಚಟ ಎಲ್ಲಿಂದ ಬಂತೋ. ಅಯ್ಯೋ, ಅವಳ ಮುಖ ಇಳಿದುಹೋಯಿತು. 'ಹೂಂ, ಇರ್ಲಿ ಬಿಡು' ಎಂದು ಲೋಟ ತೊಳೆಯಲು ಎದ್ದಳು.

ಮಾರನೆಯ ದಿನ ನನ್ನನ್ನು ಎಳೆದುಕೊಂಡು ಹಾಸನದ ಕಣ್ಣಿನ ಡಾಕ್ಟರ ಹತ್ತಿರ ಹೋದಳು. ವಯಸ್ಸಿನಲ್ಲಿ ಚಿಕ್ಕ ಹೆಣ್ಣುಮಗಳು ಆ ಡಾಕ್ಟರು. ಕಣ್ಣಿಗೆ ಬೆಳಕು ಬಿಟ್ಟು ನೋಡಿ, 'ನಿಮ್ಮ ಕಣ್ಣು ಪೂರ್ತಿ ಒಣಗಿಹೋಗಿದೆ' ಅಂದರು. 'ಮೇಡಂ, ಸರಿಯಾಗಿ ನೋಡಿ, ಸುರೀತಾ ಐತೆ' ಅಂದೆ. 'ಒಣಗಿರೋದಕ್ಕೇ ಸುರೀತಿರೋದು. ದಿನಾ ಕಣ್ಣನ್ನ ತೇವವಾಗಿಡೋ ನೀರು ಬೇರೆ ಇರುತ್ತೆ. ಕೆರೆತದ ಗುಳಿಗೆ ಅದನ್ನ ಕಮ್ಮಿ ಮಾಡುತ್ತೆ. ಕಣ್ಣು ಒಣಗಿ ಉರಿ ಬಂದಾಗ ಗಾಬರಿಯಾಗಿ ಒಂದೇ ಸಲ ಸುರಿದುಬಿಡುತ್ತೆ. ಆ ನೀರು ಉಪಯೋಗಕ್ಕೆ ಬರಲ್ಲ' ಅಂದರು. ನನಗೆ ಅರ್ಥವಾಯಿತು. ನಮ್ಮ ಬೀದಿಯ ನಲ್ಲಿಯೂ ಹಾಗೇ. ಬಿಂದಿಗೆಗೆ ಒಂದು ಹನಿ ಇಲ್ಲ, ಪೈಪ್ ಒಡೆದು ರಸ್ತೆಯೆಲ್ಲ ನೀರು.

'ಕೆರೆತ ಇನ್ನೂ ಇದೆಯಾ?' ಡಾಕ್ಟರು ಕೇಳಿದರು.

'ನಿಂತೈತೆ' ಅಂದೆ.

'ಯಾವಾಗ ನಿಂತಿತು?'

ಹೇಳಿದೆ. ಡಾಕ್ಟರು ಚೀಟಿ ನೋಡಿ, 'ಹತ್ತು ದಿನಕ್ಕೆ ಬರೆದಿದ್ದಾರಲ್ಲ. ಕೆರೆತ ಇಲ್ಲದೆ ಇನ್ನೂ ಯಾಕೆ ತಗೊಳ್ತಿದೀರಿ?' ಅಂದರು. ನಾನು ಗೋಡೆಯ ಮೇಲಿದ್ದ ದೊಡ್ಡ ಕಣ್ಣಿನ ಚಿತ್ರ ನೋಡುತ್ತಾ ಕೂತೆ. ಅಕ್ಕ ನನ್ನನ್ನೇ ನೋಡಿದಳು. ಬಾಗಿಲಲ್ಲಿ ಅಷ್ಟೊಂದು ಚಪ್ಪಲಿ, ಎರಡು ಚಾಪೆ, ಲಲಿತಮ್ಮನ ಕಡುಬು, ಎಲ್ಲ ಅವಳಿಗೆ ಆಗ ಒಂದಕ್ಕೊಂದು ಸೇರಿರಬೇಕು. ಬೈದಿದ್ದರೆ ಚೆನ್ನಾಗಿತ್ತು.

ಡಾಕ್ಟರು ಸಕಲೇಶಪುರದ ಡಾಕ್ಟರಿಗೆ ಅಲ್ಲಿಂದಲೇ ಫೋನ್ ಮಾಡಿ ಕೇಳಿ, ಆ ಗುಳಿಗೆ ನಿಲ್ಲಿಸಿ, ಕಣ್ಣಿಗೆ ಹಾಕಿಕೊಳ್ಳಲು ಒಂದು ಪುಟ್ಟ ಬಾಟ್ಲಿ ಬರೆದುಕೊಟ್ಟರು. 'ಇದೇನು ಮೇಡಂ?' ಅಂದೆ. 'ಕೃತಕ ಕಣ್ಣೀರು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಒಂದೊಂದು ಹನಿ' ಅಂದರು. ಕಣ್ಣೀರನ್ನೂ ಬಾಟ್ಲಿಯಲ್ಲಿ ತುಂಬಿ ಮಾರುತ್ತಾರೆಂದು ನನಗೆ ಗೊತ್ತಿರಲಿಲ್ಲ. ಬಸ್ಸಿನಲ್ಲಿ ಬರುವಾಗ ಅಕ್ಕ, 'ಒಂದು ಫೋನ್ ಮಾಡಿದ್ರೆ ನಾನೇ ಬರ್ತಿದ್ನಲ್ಲೋ ಪುಟ್ಟ' ಅಂದಳು. ಹಾಗೇ ಹಿಂತಿರುಗುವೆನೆಂದು ಬಂದಿದ್ದವಳು ಒಂದು ವಾರ ಉಳಿದಳು.

ಆ ವಾರದಲ್ಲಿ ನನ್ನ ಕಣ್ಣು ತಿಳಿಯಾಯಿತು. ಮನೆಯೂ ತಿಳಿಯಾಯಿತು. ಸಾವಿಲ್ಲದ ಮನೆಗೆ ಮಾತಾಡಿಸಲು ಯಾರು ಬರುತ್ತಾರೆ? ಲಲಿತಮ್ಮನ ಕಡುಬು ನಿಂತಿತು. ಚಾಪೆ ವಾಪಸ್ಸು ಹೋಯಿತು. ಬಣ್ಣ, ಗುಳಿಗೆಯ ಕತೆ ಅಕ್ಕನ ಬಾಯಿಂದ ಲಲಿತಮ್ಮನಿಗೆ, ಅವರಿಂದ ಊರಿಗೆಲ್ಲ ಮುಟ್ಟಿತು. ಎಸ್ಟೇಟಿನ ಹೆಂಗಸರು ನನ್ನನ್ನು ಕಂಡರೆ ಒಬ್ಬರ ಮೈಮೇಲೆ ಒಬ್ಬರು ಬಿದ್ದು ನಗುತ್ತಿದ್ದರು. ಖಾದರ್ ಸಾಬರು ಎರಡು ದಿನ ನನ್ನ ಕಡೆ ನೋಡಲಿಲ್ಲ. ಮೂರನೆಯ ದಿನ, 'ಸತ್ತೋರು ಎದ್ದು ಬರೋ ಗುಳಿಗೆ ಯಾವ್ದು ರೈಟ್ರೆ, ನಂಗೂ ಒಂದು ಕೊಡ್ಸಿ' ಎಂದು ರಸ್ತೆಯಾಚೆಯಿಂದ ಕೂಗಿ ನಕ್ಕರು. ನಾನೂ ನಕ್ಕೆ. ಅವರ ಅಣ್ಣನ ವಿಷಯ ಅವರು ಮತ್ತೆ ಎತ್ತಲಿಲ್ಲ. ಕಾಫಿ ರೇಟಿಗೆ ವಾಪಸ್ಸು ಬಂದೆವು.

ಅಕ್ಕ ಹೊರಟ ದಿನ ಅವಳ ಚೀಲ ಹಿಡಿದುಕೊಂಡು ಬಸ್ಸಿನವರೆಗೂ ಹೋದೆ. ಹಾಸನದ ಬಸ್ಸು ಬಂತು. ಹತ್ತುವ ಮುಂಚೆ ನನ್ನ ತಲೆ ಸವರಿದಳು. ಕೂದಲು ಮೊಳೆತಿತ್ತು, ಪೂರ್ತಿ ಬಿಳಿ. 'ಹಿಂಗೇ ಚೆನ್ನಾಗೈತೆ ಬಿಡು' ಅಂದಳು. ಸೀಟು ಹಿಡಿದು, ಕಿಟಕಿಯಿಂದ ಕತ್ತು ಹೊರಗೆ ಹಾಕಿ, ಬಸ್ಸು ಮುಂದೆ ಸರಿಯುತ್ತಿದ್ದರೂ, ಊರಿಗೆಲ್ಲ ಕೇಳುವಂತೆ, 'ಬರ್ತೀನಿ ಕಣೋ ಪುಟ್ಟ, ಗೌರಿ ಹಬ್ಬಕ್ಕೆ ಬರ್ತೀನಿ' ಅಂದಳು.

ಇಷ್ಟು ದಿನದಲ್ಲಿ ನನ್ನ ಮನೆಯಿಂದ ಎದ್ದು ಹೋದವರಲ್ಲಿ ಆ ಮಾತು ಹೇಳಿದವಳು ಅವಳೊಬ್ಬಳೇ. ಬಸ್ಸು ತಿರುವಿನಲ್ಲಿ ಮರೆಯಾಯಿತು. ಅವಳು ನೋಡಲಿಲ್ಲ. ನೋಡಿದ್ದರೆ, ಅವತ್ತು ಅವಳು ಕೇಳಿದ ಆ ಒಂದು ಹನಿಯನ್ನು ತೋರಿಸಬಹುದಿತ್ತು. ಒಂದಲ್ಲ, ಮುಖವೆಲ್ಲ ಒದ್ದೆಯಾಗಿತ್ತು. ನಡುರಸ್ತೆಯಲ್ಲಿ ಬಿಳಿ ತಲೆಯವನು ನಿಂತು ಅಳುತ್ತಿದ್ದರೆ, ಸ್ವಲ್ಪ ದಿನದ ಹಿಂದಾಗಿದ್ದರೆ ಊರಿಗೆ ಊರೇ ಬರುತ್ತಿತ್ತು. ಈಗ ಅಂಗಡಿಯವರು ನೋಡಿದರು, ಆಟೋದವರು ನೋಡಿದರು, ಒಬ್ಬರೂ ಅಲುಗಾಡಲಿಲ್ಲ. ಖಾದರ್ ಸಾಬರು ತಕ್ಕಡಿ ಬಿಡದೆ, 'ಏನ್ ರೈಟ್ರೆ, ಮತ್ತೆ ಗುಳಿಗೆ ಶುರು ಮಾಡುದ್ರಾ?' ಎಂದು ಕೂಗಿದರು.

'ಹೂಂ ಕಣ್ರೀ ಸಾಬ್ರೆ, ಗುಳಿಗೆ' ಅಂದೆ.

ಮಧ್ಯಾಹ್ನದ ಹನಿ ಹಾಕಿಕೊಳ್ಳುವ ಹೊತ್ತಾಗಿತ್ತು. ಬಾಟ್ಲಿ ಜೇಬಿನಲ್ಲೇ ಇತ್ತು. ಅವತ್ತು ಅದು ಬೇಕಾಗಲಿಲ್ಲ.